ಹೊಸ ಸರ್ವರ್, ಹಳೆಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಚೇರಿಯ 11 ಕಂಪ್ಯೂಟರ್‌ಗಳಲ್ಲಿ ಬಿಲ್ಲಿಂಗ್ ಮತ್ತು ದಾಸ್ತಾನಿನ ಲೆಕ್ಕಕ್ಕೆ ಒಂದೇ ತಂತ್ರಾಂಶವನ್ನು ಬಳಸುತ್ತೇವೆ. ಅದರ ಡೇಟಾಬೇಸ್ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿದೆ. ಕಳೆದ ಶನಿವಾರ ಹೊಸ ಸರ್ವರ್ ತಂದು, ಅದರಲ್ಲಿ ಎಲ್ಲವನ್ನೂ ಇನ್‌ಸ್ಟಾಲ್ ಮಾಡಿ, ಹಳೆಯದರ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿದೆವು. ಹೊಸ ಸರ್ವರ್‌ನಲ್ಲಿಯೇ ಕುಳಿತು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಲೆಕ್ಕವೆಲ್ಲ ಸರಿಯಾಗಿ ಕಾಣುತ್ತದೆ. ಆದರೆ ಮೂರು ಕಂಪ್ಯೂಟರ್‌ಗಳಲ್ಲಿ ‘ಸರ್ವರ್ ಸಿಗುತ್ತಿಲ್ಲ’ ಎಂದೂ ಆರರಲ್ಲಿ ‘ಲಾಗಿನ್ ವಿಫಲ’ ಎಂದೂ ಬರುತ್ತಿದೆ. ಉಳಿದ ಎರಡು ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತಿವೆ. ನಾವು ಎಲ್ಲಿ ತಪ್ಪಿದೆವು?

ಉತ್ತರ: ದೋಷ ತೋರಿಸುತ್ತಿರುವ ಒಂಬತ್ತು ಕಂಪ್ಯೂಟರ್‌ಗಳಿಗಿಂತ, ಸುಮ್ಮನೆ ಕೆಲಸ ಮಾಡುತ್ತಿರುವ ಆ ಎರಡರ ಬಗ್ಗೆಯೇ ನನಗೆ ಹೆಚ್ಚು ಆತಂಕ. ಅವು ಬಹುಮಟ್ಟಿಗೆ ಈಗಲೂ ಹಳೆಯ ಸರ್ವರ್‌ಗೇ ಜೋಡಣೆಯಾಗಿವೆ. ಅಲ್ಲಿ ದಾಖಲಾಗುವ ಬಿಲ್ಲುಗಳು ತಾವಾಗಿಯೇ ಹೊಸ ಸರ್ವರ್‌ಗೆ ಬಂದು ಸೇರುವುದಿಲ್ಲ. ಖಚಿತಪಡಿಸಿಕೊಳ್ಳಲು, ಇಂದು ಆ ಕಂಪ್ಯೂಟರ್‌ನಲ್ಲಿ ಮಾಡಿದ ಒಂದು ಬಿಲ್ಲನ್ನು ಹೊಸ ಸರ್ವರ್‌ನಲ್ಲಿ ಹುಡುಕಿ ನೋಡಿ. ಪರೀಕ್ಷೆಗೆಂದು ಸುಳ್ಳು ಬಿಲ್ಲನ್ನು ಮಾತ್ರ ಮಾಡಬೇಡಿ. ಅದು ನಿಮ್ಮ ಬಿಲ್ ಸಂಖ್ಯೆಗಳ ಸರಣಿಯಲ್ಲಿ ಒಂದನ್ನು ನುಂಗಿಬಿಡುತ್ತದೆ.

ಶನಿವಾರದ ನಂತರ ಹೊಸ ಸರ್ವರ್‌ನಲ್ಲಿ ಯಾರೂ ಏನನ್ನೂ ದಾಖಲಿಸಿರದಿದ್ದರೆ ಪರಿಹಾರ ಸುಲಭ. ನಿಜವಾದ ಲೆಕ್ಕ ಹಳೆಯದರಲ್ಲಿಯೇ ಇರುವುದರಿಂದ, ಎಲ್ಲರನ್ನೂ ತಂತ್ರಾಂಶದಿಂದ ಹೊರಬರುವಂತೆ ಹೇಳಿ, ಹೊಸದಾಗಿ ಬ್ಯಾಕಪ್ ತೆಗೆದು, ಆ ಕೂಡಲೇ ಹಳೆಯ ಡೇಟಾಬೇಸನ್ನು ಆಫ್‌ಲೈನ್ ಮಾಡಿ, ಶನಿವಾರ ಹಾಕಿದ ಪ್ರತಿಯ ಮೇಲೆ ಈ ಹೊಸ ಬ್ಯಾಕಪ್ಪನ್ನೇ ರಿಸ್ಟೋರ್ ಮಾಡಿರಿ. ಬ್ಯಾಕಪ್‌ಗೂ ಆಫ್‌ಲೈನ್‌ಗೂ ನಡುವೆ ಹತ್ತು ನಿಮಿಷ ಬಿಟ್ಟರೂ ಆ ಅವಧಿಯ ನಮೂದುಗಳು ಹಿಂದೆಯೇ ಉಳಿದುಬಿಡುತ್ತವೆ. ಎರಡೂ ಕಡೆ ನಮೂದುಗಳಾಗಿದ್ದರೆ ಮಾತ್ರ ಕಷ್ಟ: ಎರಡೂ ಪ್ರತಿಗಳು ಒಂದೇ ಸಂಖ್ಯೆಯನ್ನು ಬೇರೆ ಬೇರೆ ಬಿಲ್ಲುಗಳಿಗೆ ಕೊಟ್ಟಿರುವ ಸಾಧ್ಯತೆ ಇದೆ. ಕೋಷ್ಟಕಗಳನ್ನು ನೇರವಾಗಿ ಬೆರೆಸಿಕೊಡುತ್ತೇನೆಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಕಡಿಮೆ ನಮೂದುಗಳಿರುವ ಕಡೆಯ ಪಟ್ಟಿಯನ್ನು ಮುದ್ರಿಸಿಕೊಂಡು, ಇನ್ನೊಂದರಲ್ಲಿ ಕೈಯಾರೆ ಮತ್ತೆ ನಮೂದಿಸುವುದು ಬೇಸರದ ಕೆಲಸವಾದರೂ ನಂಬಬಹುದಾದ ದಾರಿ ಅದೊಂದೇ.

ಇನ್ನು ದೋಷಸಂದೇಶಗಳು. ಹನ್ನೊಂದರಲ್ಲಿಯೂ ‘ಸರ್ವರ್ ಸಿಗುತ್ತಿಲ್ಲ’ ಎಂದು ಬಂದಿದ್ದರೆ, ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಮೊದಲಿಗೆ ಮುಚ್ಚಿಯೇ ಇರುವ ಟಿಸಿಪಿ (ನೆಟ್‌ವರ್ಕ್ ಮೂಲಕ ಬರುವ) ಸಂಪರ್ಕವನ್ನು ತೆರೆದಿದ್ದೀರಾ, ಫೈರ್‌ವಾಲ್‌ನಲ್ಲಿ ದಾರಿ ಬಿಟ್ಟಿದ್ದೀರಾ ಎಂದು ಕೇಳುತ್ತಿದ್ದೆ. ಆದರೆ ಆರು ಕಂಪ್ಯೂಟರ್‌ಗಳು ಹೊಸ ಸರ್ವರ್‌ನ ಬಾಗಿಲವರೆಗೆ ಹೋಗಿ ಅಲ್ಲಿ ತಿರಸ್ಕೃತವಾಗಿವೆ. ಅಂದರೆ ದಾರಿ ತೆರೆದಿದೆ. ಹಾಗಾಗಿ ಉಳಿದ ಮೂರರಲ್ಲಿ ತಪ್ಪಿರುವುದು ವಿಳಾಸವೇ ಇರಬೇಕು. ಎಕ್ಸ್‌ಪ್ರೆಸ್ ಆವೃತ್ತಿಯನ್ನು ಸಾಮಾನ್ಯವಾಗಿ ಸರ್ವರ್‌ನ ಹೆಸರಿನ ಜೊತೆಗೆ ಇನ್‌ಸ್ಟನ್ಸ್‌ನ (ಆ ಸರ್ವರ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಎಸ್‌ಕ್ಯೂಎಲ್ ಸರ್ವರ್ ಪ್ರತಿಯ) ಹೆಸರನ್ನೂ ಸೇರಿಸಿ ಕರೆಯಬೇಕಾಗುತ್ತದೆ. ಅದನ್ನು ಬಿಟ್ಟು ಬರೆದರೆ ಕಂಪ್ಯೂಟರ್ ಎಸ್‌ಕ್ಯೂಎಲ್ ಸರ್ವರ್‌ನ ರೂಢಿಯ ದ್ವಾರವಾದ 1433ನೇ ಪೋರ್ಟಿಗೆ ಹೋಗಿ ತಟ್ಟುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಲಾಗಿನ್ ದೋಷ ತೋರಿಸುತ್ತಿರುವ ಒಂದು ಕಂಪ್ಯೂಟರ್‌ನ ವಿಳಾಸವನ್ನು ಅಕ್ಷರಶಃ ಈ ಮೂರಕ್ಕೂ ನಕಲು ಮಾಡಿ. ಅವುಗಳಲ್ಲಿಯೂ ಲಾಗಿನ್ ದೋಷ ಬರತೊಡಗಿದರೆ ಒಂದು ಹೆಜ್ಜೆ ಮುಂದೆ ಬಂದಿದ್ದೀರಿ ಎಂದರ್ಥ.

ಆ ಲಾಗಿನ್ ದೋಷಕ್ಕೆ ಎರಡು ಕಾರಣಗಳಿರಬಹುದು. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಎಸ್‌ಕ್ಯೂಎಲ್ ಸರ್ವರ್, ಬೇರೆ ಆಯ್ಕೆ ಮಾಡದಿದ್ದರೆ, ವಿಂಡೋಸ್ ಖಾತೆಗಳನ್ನು ಮಾತ್ರ ಒಳಗೆ ಬಿಡುತ್ತದೆ; ತಂತ್ರಾಂಶ ತನ್ನದೇ ಹೆಸರು ಮತ್ತು ಪಾಸ್‌ವರ್ಡ್ ಹಿಡಿದು ಬಂದರೆ 18456 ಸಂಖ್ಯೆಯ ದೋಷ ಕೊಡುತ್ತದೆ. ಇದನ್ನು ಸರ್ವರ್‌ನ ಸೆಕ್ಯುರಿಟಿ ವಿಭಾಗದಲ್ಲಿ ಬದಲಿಸಿ, ಸೇವೆಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಬೇಕು. ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು. ಸರ್ವರ್‌ಗೆ ಪ್ರವೇಶ ಕೊಡುವ ಲಾಗಿನ್‌ಗಳು ನಿಮ್ಮ ಡೇಟಾಬೇಸ್‌ನೊಳಗೆ ಇರುವುದಿಲ್ಲ, ಮಾಸ್ಟರ್ ಎಂಬ ಪ್ರತ್ಯೇಕ ಡೇಟಾಬೇಸ್‌ನಲ್ಲಿರುತ್ತವೆ. ಆದ್ದರಿಂದ ನಿಮ್ಮ ಬ್ಯಾಕಪ್ಪಿನೊಡನೆ ಬಳಕೆದಾರರ ಹೆಸರುಗಳು ಬಂದರೂ ಲಾಗಿನ್‌ಗಳು ಬರುವುದಿಲ್ಲ. ಅದೇ ಹೆಸರಿನ ಹೊಸ ಲಾಗಿನ್ ಸೃಷ್ಟಿಸಿದರೆ ಸಾಲದು, ಏಕೆಂದರೆ ಸರ್ವರ್ ಗುರುತು ಹಿಡಿಯುವುದು ಹೆಸರಿನಿಂದಲ್ಲ, ಅದರ ಹಿಂದಿರುವ ಭದ್ರತಾ ಗುರುತಿನಿಂದ. ಹೊಸ ಲಾಗಿನ್ ಸೃಷ್ಟಿಸಿದ ಮೇಲೆ ಡೇಟಾಬೇಸ್‌ನ ಬಳಕೆದಾರರನ್ನು ಅದಕ್ಕೆ ಮತ್ತೆ ಜೋಡಿಸಬೇಕು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಈ ಯಾವ ತೊಡಕೂ ನಿಮ್ಮ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಆ ಖಾತೆ ಈ ಎರಡೂ ಬಾಗಿಲುಗಳನ್ನು ಬಳಸುವುದೇ ಇಲ್ಲ. ಸ್ಥಳಾಂತರವನ್ನು ಪರೀಕ್ಷಿಸುವಾಗ ಸಾಮಾನ್ಯ ನೌಕರರೊಬ್ಬರ ಖಾತೆಯಿಂದ, ಅವರದೇ ಕಂಪ್ಯೂಟರ್‌ನಲ್ಲಿ ತೆರೆದು ನೋಡಬೇಕು.

ಪ್ರಶ್ನೆ: ಇದೇ ಸಂದರ್ಭದಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಹೊಸ ಆವೃತ್ತಿಗೂ ಹೋಗಿದ್ದೇವೆ. ತೊಂದರೆಯಾದರೆ ಹಳೆಯ ಸರ್ವರ್‌ಗೇ ಮರಳಬಹುದೆ? ಅದನ್ನು ಎಂದಿನವರೆಗೆ ಇಟ್ಟುಕೊಳ್ಳಬೇಕು?

ಉತ್ತರ: ಹಳೆಯ ಆವೃತ್ತಿಯ ಬ್ಯಾಕಪ್ ಹೊಸದರಲ್ಲಿ ತೆರೆದುಕೊಳ್ಳುತ್ತದೆ, ಹೊಸದರ ಬ್ಯಾಕಪ್ ಹಳೆಯದರಲ್ಲಿ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ಮರಳುವುದಾದರೆ, ಹೊಸದರಲ್ಲಿ ಕಳೆದ ದಿನಗಳ ನಮೂದುಗಳನ್ನೆಲ್ಲ ಹಳೆಯದರಲ್ಲಿ ಮತ್ತೆ ಕೈಯಾರೆ ಮಾಡಬೇಕಾಗುತ್ತದೆ. ಮರಳುವ ನಿರ್ಧಾರವನ್ನು ಮೊದಲ ದಿನವೇ ತೆಗೆದುಕೊಳ್ಳುವುದು ಲೇಸು. ಹಳೆಯ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು, ಕನಿಷ್ಠ ಒಂದು ತಿಂಗಳ ಲೆಕ್ಕ ಹೊಸದರಲ್ಲಿ ಮುಗಿದು ತಾಳೆಯಾಗುವವರೆಗೆ ಅದನ್ನು ಅಳಿಸದೆ ಇಟ್ಟುಕೊಳ್ಳಿ.

ನೀವು ಕೇಳದಿದ್ದರೂ ಒಂದು ಮಾತು: ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಬ್ಯಾಕಪ್ಪಿಗೆ ಸಮಯ ನಿಗದಿ ಮಾಡುವ ಏಜೆಂಟ್ ಸೇವೆ ಇಲ್ಲದ ಕಾರಣ, ರಾತ್ರಿಯ ಬ್ಯಾಕಪ್ ಹಳೆಯ ಸರ್ವರ್‌ನ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ನಡೆಯುತ್ತಿದ್ದಿರಬಹುದು. ಅದು ಡೇಟಾಬೇಸಿನೊಡನೆ ಹೊಸ ಸರ್ವರ್‌ಗೆ ಬಂದಿರುವುದಿಲ್ಲ. ನಾಳೆ ಬೆಳಿಗ್ಗೆ ಬ್ಯಾಕಪ್ ಫೋಲ್ಡರ್ ತೆರೆದು, ಕೊನೆಯ ಕಡತದ ದಿನಾಂಕ ಯಾವುದೆಂದು ನೋಡಿರಿ.