ಭೂಕಂಪವಾದಾಗ ಆಸ್ಪತ್ರೆ ತಲುಪುವ ದಾರಿ ಉಳಿಯಬೇಕಾದರೆ ಏನು ಮಾಡಬೇಕು?

ಆಸ್ಪತ್ರೆ ಗಟ್ಟಿಯಾಗಿ ನಿಂತಿದ್ದರೂ ಅಲ್ಲಿಗೆ ಹೋಗುವ ಒಂದೇ ಸೇತುವೆ ಬಿದ್ದರೆ ಅದು ಇದ್ದೂ ಇಲ್ಲದ ಹಾಗೆ, ಅಲ್ವಾ? ರಸ್ತೆ ಬಿರುಕು ಬಿಟ್ಟರೆ ಮಣ್ಣು ತುಂಬಿ ದಾಟಬಹುದು. ಸೇತುವೆ ಹಾಗಲ್ಲ. ಕಂಬಗಳು ಅಲುಗಾಡಿದಾಗ ಮೇಲಿನ ಹಾಸು ಅಂಚಿನಿಂದ ಜಾರಿಬಿಡುತ್ತದೆ. 1989ರ ಭೂಕಂಪದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ–ಓಕ್ಲೆಂಡ್ ಬೇ ಸೇತುವೆಯ ಒಂದೇ ಒಂದು ತುಂಡು ಬಿತ್ತು. ಇಡೀ ಸೇತುವೆ ಸುಮಾರು ಒಂದು ತಿಂಗಳು ಬಂದ್. 1995ರ ಭೂಕಂಪದಲ್ಲಿ ಜಪಾನಿನ ಕೋಬೆ ನಗರದ ಎತ್ತರದ ಹೆದ್ದಾರಿ 600 ಮೀಟರಿಗೂ ಜಾಸ್ತಿ ಉದ್ದಕ್ಕೆ ಪಕ್ಕಕ್ಕೆ ಮಗುಚಿತು. ಉಳಿದ ರಸ್ತೆಗಳಲ್ಲಿ ಕುಸಿದ ಮನೆಗಳ ರಾಶಿ, ಜೊತೆಗೆ ಟ್ರಾಫಿಕ್. ಅಗ್ನಿಶಾಮಕ ವಾಹನಗಳು ಅದರಲ್ಲೇ ಸಿಕ್ಕಿಕೊಂಡವು.

ಎಲ್ಲ ಸೇತುವೆಗೂ ದುಡ್ಡು ಸಾಲದು. ನನ್ನ ಪ್ರಕಾರ ಬಳಸುದಾರಿಯೇ ಇಲ್ಲದ ಕಡೆ ಮೊದಲು ಕೈ ಹಾಕಬೇಕು: ಕಂಬಕ್ಕೆ ಉಕ್ಕಿನ ಹೊದಿಕೆ, ಹಾಸು ಜಾರದಂತೆ ಉಕ್ಕಿನ ಹಗ್ಗ.