ನನಗೆ ಭಯ ಸಿಡುಬಿನ ಅಕ್ಷರಗಳದ್ದು

ಹೊಸ ತಂತ್ರಜ್ಞಾನಗಳಲ್ಲಿ ಮುಂದೆ ಮನುಷ್ಯರಿಗೆ ಜಾಸ್ತಿ ಅಪಾಯ ತರುವುದು ಯಾವುದು ಎಂದು ಕೇಳಿದ್ದೀರಿ. ತುಂಬಾ ಜನ ಎಐ ಎನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಭಯ, ಲ್ಯಾಬ್‌ನಲ್ಲಿ ವೈರಸ್ ಕಟ್ಟುವ ವಿದ್ಯೆಯದ್ದು.

ನನ್ನ ಅಜ್ಜಿಯ ಮುಖದ ತುಂಬಾ ಸಿಡುಬಿನ ಕಲೆಗಳಿದ್ದವು. ಅವರ ತಂಗಿ ಅದೇ ಬೇನೆಯಲ್ಲಿ ತೀರಿಕೊಂಡಿದ್ದಳು. ಊರಲ್ಲಿ ಯಾರೂ ರೋಗದ ಹೆಸರೆತ್ತುತ್ತಿರಲಿಲ್ಲವಂತೆ, 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರಂತೆ. ಹಿಡಿದರೆ ನೂರರಲ್ಲಿ ಸುಮಾರು 30 ಜನ ಉಳಿಯುತ್ತಿರಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ಹೋಯಿತು ಎಂದು ಸಾರಿತು. ಈಗ ಆ ವೈರಸ್ ಅಧಿಕೃತವಾಗಿ ಇರುವುದು ಎರಡೇ ಕಡೆ: ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೊಲ್ಟ್ಸೊವೊದ ಲ್ಯಾಬ್‌ಗಳಲ್ಲಿ. ಬೀಗ ಹಾಕಿಟ್ಟಿದ್ದಾರೆ, ಸರಿ. ಆದರೆ ಅದರ ಡಿಎನ್‌ಎಯ, ಅಂದರೆ ಅದನ್ನು ಕಟ್ಟುವ ನಕ್ಷೆಯ, ಸುಮಾರು 1,86,000 ಅಕ್ಷರಗಳು 1990ರ ದಶಕದಲ್ಲೇ ಪ್ರಕಟವಾಗಿವೆ. ಅವಕ್ಕೆ ಹೇಗೆ ಬೀಗ ಹಾಕುವುದು?

ಬರೀ ಅಕ್ಷರಗಳಿಂದ ಏನಾಗುತ್ತದೆ ಅನ್ನಿಸಬಹುದು. 2002ರಲ್ಲಿ ನ್ಯೂಯಾರ್ಕ್‌ನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಎಕಾರ್ಡ್ ವಿಮ್ಮರ್ ತಂಡ ಪೋಲಿಯೊ ವೈರಸ್ಸನ್ನು ಅದರ ಅಕ್ಷರಗಳನ್ನು ನೋಡಿಯೇ ಕಟ್ಟಿತು. ಅದು ಚಿಕ್ಕದು, ಸುಮಾರು 7,500 ಅಕ್ಷರ. 2018ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಇವಾನ್ಸ್ ತಂಡ ಕುದುರೆ ಸಿಡುಬಿನ ವೈರಸ್ ಕಟ್ಟಿದ್ದನ್ನು ಪ್ರಕಟಿಸಿತು. ಅದು ಸಿಡುಬಿಗಿಂತಲೂ ಉದ್ದ, 2,12,000 ಅಕ್ಷರ. ಡಿಎನ್‌ಎ ತುಂಡುಗಳನ್ನು ಕಂಪನಿಯೊಂದರಿಂದ ತರಿಸಿಕೊಂಡಿದ್ದರು. ಅವರು ಹುಡುಕುತ್ತಿದ್ದುದು ಒಳ್ಳೆಯ ಲಸಿಕೆಯನ್ನೇ. ಎಲ್ಲರೂ ಹಾಗಿರುತ್ತಾರೆ ಎಂದು ನಂಬಿ ಕೂರಲು ನನ್ನಿಂದ ಆಗುವುದಿಲ್ಲ. ಕೆಟ್ಟವರೇ ಬೇಕೆಂದಿಲ್ಲ, ಒಂದು ತಪ್ಪು ಸಾಕು. 1978ರಲ್ಲಿ ಇಂಗ್ಲೆಂಡ್‌ನ ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿದ್ದ ಸಿಡುಬು ತಗುಲಿ, ಅದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಫೋಟೊಗ್ರಾಫರ್ ತೀರಿಕೊಂಡರು.

ಹಾಗಂತ ಈ ವಿದ್ಯೆಯನ್ನೇ ನಿಲ್ಲಿಸಿ ಎನ್ನಲಾರೆ. 2020ರ ಜನವರಿಯಲ್ಲಿ ಕೊರೊನಾದ ಅಕ್ಷರಗಳು ಹೊರಬಂದದ್ದರಿಂದಲೇ ಅಷ್ಟು ಬೇಗ ಲಸಿಕೆ ಬಂತು, ಅಲ್ವಾ? ನಾನು ಕೇಳುವುದು ಕಾವಲು. ಡಿಎನ್‌ಎ ಮಾರುವ ಕೆಲವು ಕಂಪನಿಗಳು 2009ರಲ್ಲಿ ಒಟ್ಟಾಗಿ, ಯಾರು ಏನು ತರಿಸುತ್ತಿದ್ದಾರೆ ಎಂದು ತಾವಾಗಿಯೇ ನೋಡತೊಡಗಿದವು. ಒಳ್ಳೆಯದೇ. ಆದರೆ ಬಹಳ ದೇಶಗಳಲ್ಲಿ ಅದಕ್ಕೆ ಕಾನೂನಿನ ಒತ್ತಾಯವಿಲ್ಲ. ನಮ್ಮಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಮಾರಲೂ ಲೈಸೆನ್ಸ್ ಬೇಕು.

ನನ್ನ ತೋಳಲ್ಲಿ ಚಿಕ್ಕಂದಿನಲ್ಲಿ ಸಿಡುಬಿನ ಲಸಿಕೆ ಹಾಕಿದ ಕಲೆ ಇನ್ನೂ ಇದೆ. ರೋಗ ಹೋದ ಮೇಲೆ ಆ ಲಸಿಕೆಯೂ ನಿಂತಿತು, ನನ್ನ ಮಗಳ ತೋಳಲ್ಲಿ ಇಲ್ಲ.