‘ಕೈ ಜಾಸ್ತಿ ಆಯ್ತು’ ಅಂದರೆ ಕೈ ಕಟ್ಟಿಕೊಳ್ಳಬೇಕಾ?

ಪ್ರಶ್ನೆ: ಹನ್ನೆರಡು ವರ್ಷ ಹವ್ಯಾಸಿ ನಾಟಕ ತಂಡದಲ್ಲಿದ್ದೆ. ಈಗ ಒಂದು ಧಾರಾವಾಹಿಯಲ್ಲಿ ಅಪ್ಪನ ಪಾತ್ರ ಸಿಕ್ಕಿದೆ. ಟೇಕ್ ಮುಗಿದ ಕೂಡಲೇ ನಿರ್ದೇಶಕರು ‘ಸರ್, ಕೈ ಜಾಸ್ತಿ ಆಯ್ತು’ ಅನ್ನುತ್ತಾರೆ. ಕೈ ಆಡಿಸದೆ ನಿಂತರೆ ‘ಯಾಕೋ ಡಲ್ ಆಯ್ತು’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಪಾಪ, ನಿಮ್ಮ ನಿರ್ದೇಶಕರು ಹೇಳಿದ್ದು ಎರಡೂ ಸರಿಯೇ!

ನಾಟಕದಲ್ಲಿ ಕೊನೇ ಸಾಲಿನವರಿಗೂ ಕಾಣಲಿ ಅಂತ ಭುಜದಿಂದಲೇ ಕೈ ಎತ್ತಿ ನಿಮಗೆ ರೂಢಿ. ಕ್ಲೋಸಪ್‌ನಲ್ಲಿ ಫ್ರೇಮ್, ಅಂದರೆ ಕ್ಯಾಮೆರಾಗೆ ಕಾಣುವ ಚೌಕಟ್ಟು, ಭುಜದ ಹತ್ತಿರವೇ ಮುಗಿಯುತ್ತದೆ. ಅಲ್ಲಿ ಕೈ ಎತ್ತಿದರೆ ಕೆಳಗಿನಿಂದ ನಾಲ್ಕು ಬೆರಳು ಚಿಮ್ಮಿ ಮಾಯವಾಗುತ್ತವೆ, ಅಷ್ಟೇ. ನೋಡುವವರ ಕಣ್ಣು ನಿಮ್ಮ ಮುಖ ಬಿಟ್ಟು ಅತ್ತ ಓಡುತ್ತದೆ.

ಹಾಗಾಗಿ ಪ್ರತಿ ಶಾಟ್‌ಗೂ ಮುಂಚೆ ಕ್ಯಾಮೆರಾಮನ್‌ರನ್ನು ಕೇಳಿ: ‘ಫ್ರೇಮ್ ಎಲ್ಲಿವರೆಗೆ ಇದೆ?’ ಅವರು ತಮ್ಮ ಎದೆಗೋ ಸೊಂಟಕ್ಕೋ ಕೈ ಅಡ್ಡ ಹಿಡಿದು ತೋರಿಸುತ್ತಾರೆ. ಕೇಳೋದಕ್ಕೆ ಸಂಕೋಚ ಬೇಡ. ಇಡೀ ಮೈ ಕಾಣುವ ವೈಡ್ ಶಾಟ್ ಆದರೆ ನಿಮ್ಮ ನಾಟಕದ ಆಂಗಿಕವೇ ಆಸ್ತಿ. ಸೊಂಟದವರೆಗೆ ಕಾಣುವ ಮಿಡ್ ಆದರೆ ಮೊಣಕೈಯಿಂದ ಮುಂದಕ್ಕೆ, ಎದೆಯ ಮಟ್ಟದಲ್ಲಿ ಕೈ ಆಡಲಿ.

ಕ್ಲೋಸ್‌ನಲ್ಲಿ? ಆಗಲೂ ಕೈ ಕಟ್ಟಬೇಡಿ. ಕೈ ಬಿಗಿಯಾದರೆ ಭುಜ ಬಿಗಿಯುತ್ತದೆ, ಕುತ್ತಿಗೆ ಬಿಗಿಯುತ್ತದೆ, ಕೊನೆಗೆ ಮುಖವೂ ಮರಗಟ್ಟುತ್ತದೆ. ನಿರ್ದೇಶಕರಿಗೆ ಕಂಡ ‘ಡಲ್’ ಅದೇ. ಫ್ರೇಮಿನ ಕೆಳಗೆ ಕೈಗೆ ಏನಾದರೂ ಕೆಲಸ ಕೊಡಿ. ಪಂಚೆಯ ಅಂಚನ್ನು ಬೆರಳಲ್ಲಿ ಸುತ್ತಿ, ಬಿಡಿ, ಮತ್ತೆ ಸುತ್ತಿ. ಕೈ ಯಾರಿಗೂ ಕಾಣಲ್ಲ, ಆದರೆ ಅದರ ಚಡಪಡಿಕೆ ಕಣ್ಣಿಗೆ ಬರುತ್ತದೆ.

ಇನ್ನೊಂದು ಮಾತು. ಭರತನಾಟ್ಯದವರು ಕೈ ಹೋದ ಕಡೆ ಕಣ್ಣು ಹೋಗಲಿ ಅನ್ನುತ್ತಾರೆ. ಕ್ಯಾಮೆರಾ ಮುಂದೆ ಸಾಮಾನ್ಯವಾಗಿ ಇದು ಉಲ್ಟಾ. ಮಗಳು ‘ನಾನು ಮದುವೆ ಆಗಲ್ಲ’ ಅಂದಳು ಅಂದುಕೊಳ್ಳಿ. ನಿಮ್ಮ ಮುಂದೆ ಕಾಫಿ ಲೋಟ ಇದೆ. ಮೊದಲು ಕಣ್ಣು ಲೋಟದ ಮೇಲೆ ಇಳಿಯಲಿ. ಒಂದು ಉಸಿರು. ಆಮೇಲೆ ಕೈ. ಲೋಟ ತುಟಿಯವರೆಗೆ ಬಂದು, ಕುಡಿಯದೆ ವಾಪಸ್ ಹೋದರೂ ಸಾಕು. ಸೀನ್ ಆಯ್ತು!

ಆದರೆ ಯಾವ ಕೈಯಲ್ಲಿ, ಯಾವ ಪದಕ್ಕೆ ಎತ್ತಿದಿರಿ ಅನ್ನೋದು ನೆನಪಿರಬೇಕು. ಮಾಸ್ಟರ್ ಶಾಟ್‌ನಲ್ಲಿ, ಅಂದರೆ ಇಡೀ ಸೀನನ್ನು ದೂರದಿಂದ ತೆಗೆಯುವ ಶಾಟ್‌ನಲ್ಲಿ, ‘ಮದುವೆ’ ಅನ್ನೋ ಪದಕ್ಕೆ ಎತ್ತಿದ್ದರೆ ಕ್ಲೋಸ್‌ನಲ್ಲೂ ಅಲ್ಲೇ ಎತ್ತಬೇಕು. ಶುರುವಿನ ದಿನಗಳಲ್ಲಿ ನಾನು ಒಂದೊಂದು ಟೇಕ್‌ಗೆ ಒಂದೊಂದು ಕಡೆ ಎತ್ತಿದ್ದೆ. ಎಡಿಟಿಂಗ್‌ನಲ್ಲಿ ಯಾವುದೂ ಹೊಂದಲಿಲ್ಲ. ನನ್ನ ಒಳ್ಳೇ ರಿಯಾಕ್ಷನ್ ಎಲ್ಲ ಹೋಗಿ, ಎದುರಿಗಿದ್ದವರ ಮುಖವೇ ಉಳಿಯಿತು. ಬೇಜಾರಾಯ್ತು, ಆದರೆ ತಪ್ಪು ನನ್ನದೇ ಅಲ್ವಾ?

ಮನೆಯಲ್ಲಿ ಮೊಬೈಲ್ ನಿಲ್ಲಿಸಿ ಒಂದೇ ಮಾತನ್ನು ವೈಡ್, ಮಿಡ್, ಕ್ಲೋಸ್ ಮೂರರಲ್ಲೂ ತೆಗೆದುಕೊಳ್ಳಿ. ನೋಡುವಾಗ ಸೌಂಡ್ ಆಫ್ ಮಾಡಿ. ಕೈ ಎಲ್ಲಿ ಸುಮ್ನೆ ಆಡ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ನಡೆದು ಬಂದು ಮಾರ್ಕ್ (ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲಿ ಅಂಟಿಸಿದ ಟೇಪ್) ಮೇಲೆ ನಿಲ್ಲೋದು ನನಗೆ ಬರ್ತಾನೇ ಇಲ್ಲ. ಕೆಳಗೆ ನೋಡಿದರೆ ಬೈತಾರೆ. ನಾಲ್ಕು ಬೆರಳಿನಷ್ಟು ಆಚೀಚೆ ಆದರೆ ಏನಾಗುತ್ತೆ?
– ಓದುಗರು, ಮೈಸೂರು

ಉತ್ತರ: ಫೋಕಸ್ ಹೋಗುತ್ತೆ! ಲೆಕ್ಕ ನೋಡಿ. ಸಿನಿಮಾ ಕ್ಯಾಮೆರಾಗೆ 85 ಎಂಎಂ ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) 2ಕ್ಕೆ, ಅಂದರೆ ದೊಡ್ಡದಾಗಿ, ತೆರೆದು, ನಿಮ್ಮನ್ನು 5 ಅಡಿ ದೂರ ನಿಲ್ಲಿಸಿದರೆ ಚೆನ್ನಾಗಿ ಫೋಕಸ್ ಆಗೋದು ಹಿಂದೆ-ಮುಂದೆ ಸೇರಿ ಸುಮಾರು 3 ಸೆಂಟಿಮೀಟರ್ ಮಾತ್ರ. ನಾಲ್ಕು ಬೆರಳು ಮುಂದೆ ಬಂದರೆ ಕಣ್ಣು ಮಸುಕು, ಕಿವಿ ಸ್ಪಷ್ಟ. ಶಾಟ್ ನಡೆಯುವಾಗ ಫೋಕಸ್ ಹಿಡಿಯುವ ಸಹಾಯಕ, ಅಂದರೆ ಫೋಕಸ್ ಪುಲ್ಲರ್ ಕೂಡ ನೀವು ಆ ಟೇಪ್ ಮೇಲೆ ನಿಲ್ಲುತ್ತೀರಿ ಅಂತಲೇ ಅಳೆದು ಗುರುತು ಹಾಕಿಕೊಂಡಿರುತ್ತಾರೆ.

ಉಪಾಯ ಸುಲಭ. ಮೊದಲು ಮಾರ್ಕ್ ಮೇಲೆ ನಿಲ್ಲಿ. ಅಲ್ಲಿಂದ ಹಿಂದಕ್ಕೆ ಹೆಜ್ಜೆ ಎಣಿಸುತ್ತಾ ನಿಮ್ಮ ಶುರುವಿನ ಜಾಗಕ್ಕೆ ಹೋಗಿ. ಏಳು ಹೆಜ್ಜೆ ಬಂತಾ? ಕೊನೆಯ ಹೆಜ್ಜೆ ಇಟ್ಟ ಕಾಲಿನಿಂದಲೇ ಶುರು ಮಾಡಿ ಏಳೇ ಹೆಜ್ಜೆ ಬನ್ನಿ. ಪಕ್ಕದಲ್ಲಿ ಕುರ್ಚಿಯೋ ಬಾಗಿಲ ಚೌಕಟ್ಟೋ ಇದ್ದರೆ ಕಣ್ಣಂಚಿನಲ್ಲಿ ಅದನ್ನು ಗುರುತಿಟ್ಟುಕೊಳ್ಳಿ. ಪಾದ ಫ್ರೇಮಿನಲ್ಲಿ ಇಲ್ಲದಿದ್ದರೆ ಮಾರ್ಕ್ ಹತ್ತಿರ ಚಿಕ್ಕ ಮರಳು ಚೀಲ ಇಡೋಕೆ ಹೇಳಿ. ಕಾಲಿಗೆ ತಾಗಿದ ಕೂಡಲೇ ನಿಂತುಬಿಡಿ.